ಕಾಫಿ ತೋಟದಿಂದ ಯುರೋಪಿನ ಸಂಸತ್ತಿಗೆ

ಪ್ರಶ್ನೆ: ಕಾಫಿ ಬೆಳೆದ ಜಾಗದ ಗುರುತನ್ನು ಯುರೋಪಿಗೆ ಕೊಡಬೇಕಂತೆ. ಅಲ್ಲಿನ ಸಂಸದರಿಗೆ ನಮ್ಮ ಕಷ್ಟ ಹೇಳುವ ದಾರಿ ಇದೆಯೇ?
– ಓದುಗರು, ಕೊಪ್ಪ

ಉತ್ತರ: ಆ ಗುರುತು ಕೇಳುವುದು ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. 4 ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದೇ ಬಿಂದುವಿನ ಅಕ್ಷಾಂಶ-ರೇಖಾಂಶ ಸಾಕು, ದಶಮಾಂಶದ ನಂತರ 6 ಅಂಕಿ. ನಮ್ಮ ಕಡೆಯ ದಟ್ಟ ನೆರಳಿನಡಿ ಫೋನಿನ ಬಿಂದು ಅತ್ತಿತ್ತ ಜಾರುತ್ತದೆ. ತೋಟದೊಳಗೇ ಆಕಾಶ ಕಾಣುವ ಸಂದು ನೋಡಿ ಗುರುತು ಹಾಕಿ.

ಇನ್ನು ಸಂಸದರ ಮಾತು. ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್ ದೇಶಗಳು ಯುರೋಪಿಯನ್ ಒಕ್ಕೂಟದೊಡನೆ ಮಾಡಿಕೊಂಡ 2000ರ ಕೊಟೊನೌ ಒಪ್ಪಂದದಡಿ ಆ ದೇಶಗಳ ಸಂಸತ್ ಪ್ರತಿನಿಧಿಗಳು ಯುರೋಪಿನ ಸಂಸದರ ಎದುರು ಸಮಸಂಖ್ಯೆಯಲ್ಲಿ ಕೂತು ಚರ್ಚಿಸುತ್ತ ಬಂದರು. ಕಾಫಿ ಬೆಳೆಯುವ ಇಥಿಯೋಪಿಯಾ, ಉಗಾಂಡಾಕ್ಕೆ ಆ ಕುರ್ಚಿ ಸಿಕ್ಕಿತು. ಭಾರತ ಆ ಗುಂಪಿನಲ್ಲಿಲ್ಲ, ನನಗದು ನಿಜಕ್ಕೂ ಕೊರತೆಯೇ. ಆದರೂ ಯುರೋಪಿಯನ್ ಸಂಸತ್ತಿನಲ್ಲಿ ಭಾರತದ ಜೊತೆಗಿನ ಸಂಬಂಧಕ್ಕೆಂದೇ ಒಂದು ನಿಯೋಗವಿದೆ. ನಿಮ್ಮ ಸಂಸದರಿಗೂ ಕಾಫಿ ಮಂಡಳಿಗೂ ಪತ್ರ ಬರೆದು, ಆ ನಿಯೋಗದ ಮುಂದೆ ಸಣ್ಣ ಬೆಳೆಗಾರರ ಮಾತು ಇಡುವಂತೆ ಒತ್ತಾಯಿಸಿ.