ಭೂಕಂಪ ಆದಾಗಲೆಲ್ಲ ಸುನಾಮಿ ಯಾಕೆ ಬರುವುದಿಲ್ಲ?

ಪ್ರಶ್ನೆ: 2012ರ ಏಪ್ರಿಲ್‌ನಲ್ಲಿ ಸುಮಾತ್ರಾ ಬಳಿ ಭೂಕಂಪ ಆದಾಗ ನಾನು ಬೆಂಗಳೂರಿನಲ್ಲಿದ್ದೆ. ಕುರ್ಚಿ ಅಲ್ಲಾಡಿತು ಅಂತ ಆಫೀಸಿನಿಂದ ಎಲ್ಲರೂ ಹೊರಗೆ ಓಡಿದೆವು. ಸುನಾಮಿ ಎಚ್ಚರಿಕೆಯೂ ಬಂತು. ಆದರೆ 2004ರ ಹಾಗೆ ಏನೂ ಆಗಲಿಲ್ಲ, ಯಾಕೆ? ನಮ್ಮ ಕರಾವಳಿಗೂ ಸುನಾಮಿ ಭಯ ಇದೆಯಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಅವತ್ತಿನ ಕಂಪನದ ತೀವ್ರತೆ 8.6. ಸಣ್ಣದೇನಲ್ಲ. 2004ರ ಡಿಸೆಂಬರ್ 26ರದ್ದು 9.1, ಅಂದರೆ ಶಕ್ತಿಯಲ್ಲಿ ಐದಾರು ಪಟ್ಟು ಜಾಸ್ತಿ. ಆದರೆ ಅಸಲು ವ್ಯತ್ಯಾಸ ಅಂಕಿಯಲ್ಲಿಲ್ಲ, ಸಮುದ್ರದ ತಳ ಯಾವ ಕಡೆಗೆ ಸರಿಯಿತು ಅನ್ನುವುದರಲ್ಲಿದೆ.

ಸುಮಾತ್ರಾದ ಪಕ್ಕ, ಕಡಲಿನಡಿ, ಭಾರತದ ಭೂಫಲಕ (ಭೂಮಿಯ ಹೊರಪದರದ ದೊಡ್ಡ ಬಂಡೆ ತುಂಡು) ಇನ್ನೊಂದು ಫಲಕದ ಕೆಳಗೆ ನುಗ್ಗುತ್ತಿದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಎರಡೂ ಒಂದಕ್ಕೊಂದು ಕಚ್ಚಿಕೊಂಡು ನಿಂತಾಗ ಮೇಲಿನ ಫಲಕದ ಅಂಚು ಬಾಗುತ್ತಾ ಹೋಗುತ್ತದೆ. ನೂರಾರು ವರ್ಷ ಬಾಗಿದ್ದು ಒಂದು ದಿನ ಬಿಟ್ಟುಕೊಳ್ಳುತ್ತದೆ. 2004ರಲ್ಲಿ ಸುಮಾತ್ರಾದಿಂದ ಅಂಡಮಾನ್‌ವರೆಗೆ ಸುಮಾರು 1,200 ಕಿ.ಮೀ. ಉದ್ದಕ್ಕೆ ಹೀಗಾಯಿತು. ಕೆಲವೆಡೆ ತಳ ಹಲವು ಮೀಟರ್ ಮೇಲೆದ್ದಿತು. ಅದರ ಮೇಲಿದ್ದ ಅಷ್ಟೂ ನೀರು ಎದ್ದು ಎರಡೂ ಕಡೆಗೆ ಹೊರಟಿತು.

2012ರ ಬಿರುಕು ಬೇರೆ ಥರದ್ದು. ಅಲ್ಲಿ ಬಂಡೆಗಳು ಹೆಚ್ಚಾಗಿ ಅಕ್ಕಪಕ್ಕಕ್ಕೆ ಜಾರಿದವು. ಮನೆಯಲ್ಲೇ ನೋಡಬಹುದು. ನೀರು ತುಂಬಿದ ಟಬ್ಬಿನ ತಳದಲ್ಲಿ ಅಂಗೈಯನ್ನು ಚಪ್ಪಟೆಯಾಗಿಟ್ಟು ಪಕ್ಕಕ್ಕೆ ಜಾರಿಸಿ, ಮೇಲೆ ಅಷ್ಟೇನೂ ಗೊತ್ತಾಗುವುದಿಲ್ಲ. ಅದೇ ಅಂಗೈಯನ್ನು ಥಟ್ಟನೆ ಮೇಲೆತ್ತಿ, ನೀರು ಉಬ್ಬಿ ಅಂಚಿಗೆ ಬಡಿಯುತ್ತದೆ. 2012ರಲ್ಲಿ ಇಂಡೋನೇಷ್ಯಾ ಕರಾವಳಿಯಲ್ಲೂ ಅಲೆ ಒಂದು ಮೀಟರಿನಷ್ಟೇ ಇತ್ತು. ಹಾಗಂತ ಎಚ್ಚರಿಕೆ ಕೊಟ್ಟಿದ್ದು ತಪ್ಪಲ್ಲ. ಬಿರುಕು ಯಾವ ಥರದ್ದು ಅಂತ ಖಚಿತವಾಗುವವರೆಗೆ ಕಾಯುತ್ತಾ ಕೂರಲು ಆಗುವುದಿಲ್ಲ, ಅಲ್ವಾ?

ಆಳ ಕಡಲಲ್ಲಿ ಸುನಾಮಿ ಗಂಟೆಗೆ 700 ಕಿ.ಮೀ.ಗೂ ವೇಗವಾಗಿ ಓಡುತ್ತದೆ. ಎತ್ತರ ಮಾತ್ರ ಒಂದು ಮೀಟರೂ ಇರಲಿಕ್ಕಿಲ್ಲ. ಮೇಲೆ ದೋಣಿಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ. ದಡದ ಹತ್ತಿರ ಆಳ ಕಡಿಮೆಯಾದಾಗ ವೇಗ ತಗ್ಗುತ್ತದೆ, ಹಿಂದಿನ ನೀರು ಒತ್ತಿಕೊಂಡು ಬಂದು ಅಲೆ ಎತ್ತರವಾಗುತ್ತದೆ. 2004ರಲ್ಲಿ ನಾಗಪಟ್ಟಣಕ್ಕೆ ಅದು ಬಂದಿದ್ದು ಕಂಪನವಾಗಿ ಎರಡು ಗಂಟೆಗೂ ಹೆಚ್ಚು ಸಮಯದ ಮೇಲೆ. ಅಷ್ಟು ಹೊತ್ತಿದ್ದರೂ ಹೇಳುವವರಿರಲಿಲ್ಲ. ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೇ. ಹೈದರಾಬಾದಿನಲ್ಲಿ ಸಾಗರದ ಮಾಹಿತಿ ಕೊಡುವ ಇನ್‌ಕಾಯ್ಸ್ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಗಿದ್ದು 2007ರಲ್ಲಿ.

ಇನ್ನು ನಿಮ್ಮ ಕರಾವಳಿ. ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. 2004ರ ಅಲೆ ಶ್ರೀಲಂಕಾವನ್ನು ಸುತ್ತಿ ಬಂದು ಕೇರಳದ ಕೊಲ್ಲಂ ಕಡೆ ಜನರನ್ನು ಬಲಿ ತೆಗೆದುಕೊಂಡಿತು. ಅರಬ್ಬಿ ಸಮುದ್ರದ ಉತ್ತರಕ್ಕೆ, ಪಾಕಿಸ್ತಾನ–ಇರಾನ್ ದಡದ ಮಕ್ರಾನ್‌ನಲ್ಲೂ ಫಲಕ ಹೀಗೇ ಕೆಳಗೆ ನುಗ್ಗುತ್ತದೆ. 1945ರ ನವೆಂಬರ್‌ನಲ್ಲಿ ಅಲ್ಲಿ ಎದ್ದ ಸುನಾಮಿ ಮುಂಬೈವರೆಗೆ ಬಂದಿತ್ತು.

ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಂಡರೆ, ನೋಡುತ್ತಾ ನಿಲ್ಲಬೇಡಿ, ಎತ್ತರದ ಜಾಗಕ್ಕೆ ಓಡಿ. ಮೊದಲ ಅಲೆ ಹೋಯಿತು ಅಂತ ಕೂಡಲೇ ಇಳಿಯಬೇಡಿ. ಮುಂದಿನದು ಅದಕ್ಕಿಂತ ದೊಡ್ಡದಿರಬಹುದು, ಅರ್ಧ ಗಂಟೆ ಬಿಟ್ಟೂ ಬರಬಹುದು.