ಮಕ್ಕಳಿಗೆ ದಶಮಾಂಶ ಕಲಿಸುವುದು ಹೇಗೆ, ಲೆಕ್ಕ ಯಾವುದರ ಮೇಲೆ?

ನೀವು ಕೇಳಿದ್ದು ಎರಡು. ನಿಮ್ಮ ಅಪ್ಪ ಅಮ್ಮ ತಪ್ಪದೆ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆಂದು ಸಭೆಗೆ (ಚರ್ಚಿಗೆ), ತೆಗೆದಿಡುತ್ತಿದ್ದರು. 8 ಮತ್ತು 13 ವರ್ಷದ ನಿಮ್ಮ ಮಕ್ಕಳಿಗೆ ಅದನ್ನು ಬಲವಂತವಾಗದ ಹಾಗೆ ಹೇಗೆ ಕಲಿಸುವುದು? ಲೆಕ್ಕ ಹಾಕಬೇಕಾದ್ದು ಒಟ್ಟು ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ?

ಭಾನುವಾರ ಕಾಣಿಕೆ ಚೀಲ ನಮ್ಮ ಸಾಲಿಗೆ ಬರುವ ಹೊತ್ತಿಗೆ ಮಗುವಿನ ಅಂಗೈಗೆ ಹತ್ತರ ನೋಟು ತುರುಕಿ "ಹಾಕು ಹಾಕು" ಅನ್ನುವುದು ಎಲ್ಲ ಸಭೆಗಳಲ್ಲೂ ಕಾಣುತ್ತದೆ. ಆ ದುಡ್ಡು ನಿಮ್ಮದು, ಮಗುವಿನದಲ್ಲ. ಹೀಗೆ ಮಗು ಕಲಿಯುವುದು ಅಂಚೆಯಣ್ಣನ ಕೆಲಸ: ಒಬ್ಬರಿಂದ ಇಸಿದುಕೊಂಡು ಇನ್ನೊಬ್ಬರಿಗೆ ಮುಟ್ಟಿಸುವುದು. ತನ್ನ ಕೈಯಲ್ಲಿದ್ದದ್ದು ಕಡಿಮೆಯಾದಾಗಲೇ ಕೊಡುವುದು ಅಂದರೇನು ಅಂತ ಅದಕ್ಕೆ ಗೊತ್ತಾಗುವುದು.

ಹಾಗಾಗಿ ಚಿಕ್ಕವರಿಗೆ ವಾರದ ಕೈಖರ್ಚು ಕೊಡುವಾಗಲೇ ಚಿಲ್ಲರೆ ಮಾಡಿ ಕೊಡಿ. 50 ರೂಪಾಯಿ ಕೊಡುವುದಾದರೆ ಐದರ ಹತ್ತು ನಾಣ್ಯ. ಒಂದು ನಾಣ್ಯ ಪಕ್ಕಕ್ಕೆ, ಉಳಿದ ಒಂಬತ್ತು ಅದರದ್ದು. ಶೇಕಡಾ ಲೆಕ್ಕ ಇನ್ನೂ ಬಾರದ ಮಗುವಿಗೂ ಇದು ಕಣ್ಣಿಗೆ ಕಾಣುತ್ತದೆ. ಇಡೀ 50ರ ನೋಟು ಕೊಟ್ಟರೆ "ಆಮೇಲೆ ಚಿಲ್ಲರೆ ಮಾಡಿ ಹಾಕೋಣ" ಅಂತಾಗುತ್ತದೆ, ಆ ಆಮೇಲೆ ಬರುವುದೇ ಇಲ್ಲ. ಕೊಡುವುದು ಶನಿವಾರ ಸಂಜೆಯಾದರೆ ಒಳ್ಳೆಯದು. ತೆಗೆದಿಟ್ಟ ನಾಣ್ಯವನ್ನು ಮಗುವೇ ಕವರಿಗೆ ಹಾಕಿ ತನ್ನ ಬೈಬಲಿನ ಜೊತೆ ಇಟ್ಟುಕೊಳ್ಳಲಿ. ವಾರದ ಮೊದಲ ದಿನದಲ್ಲೇ ತೆಗೆದಿಡಿ ಎಂದು ಪೌಲ ಕೊರಿಂಥದವರಿಗೆ ಬರೆದದ್ದರ (1 ಕೊರಿಂಥ 16:2) ವ್ಯಾವಹಾರಿಕ ಅರ್ಥ ಇಷ್ಟೇ: ಖರ್ಚಾಗಿ ಉಳಿದದ್ದರಲ್ಲಿ ಹುಡುಕಬೇಡಿ, ಮೊದಲೇ ತೆಗೆಯಿರಿ. ಅಜ್ಜಿ ಕೊಟ್ಟ ದುಡ್ಡು, ಹುಟ್ಟುಹಬ್ಬದ ಉಡುಗೊರೆ ಇವುಗಳಿಗೂ ಇದೇ ನಿಯಮ. ಇಲ್ಲಿ ವಿನಾಯಿತಿ ಕೊಟ್ಟರೆ ಮಗು ಬಲು ಬೇಗ ಎರಡು ಲೆಕ್ಕ ಇಡಲು ಕಲಿಯುತ್ತದೆ.

ಈ ಕವರಿನ ಜೊತೆಗೆ ಬೇರೆಯವರಿಗೆ ಕೊಡಲು ಒಂದು ಡಬ್ಬಿಯೂ ಇರಲಿ, ಅದಕ್ಕೆ ಪ್ರಮಾಣ ಬೇಡ. ಯಾರಿಗೆ, ಎಷ್ಟು, ಯಾವಾಗ ಎಂಬುದು ಪೂರ್ತಿ ಮಗುವಿನ ಇಷ್ಟ. ದಶಮಾಂಶ ಕಲಿಸುವುದು ಶಿಸ್ತನ್ನು. ಔದಾರ್ಯ ಬರಬೇಕಾದರೆ ಆಯ್ಕೆ ಬೇಕು. ಬೈಬಲಿನ ಧರ್ಮೋಪದೇಶಕಾಂಡ 14ರಲ್ಲಿ ಮೂರನೆಯ ವರ್ಷದ ದಶಮಾಂಶವನ್ನು ಊರಲ್ಲೇ ಕೂಡಿಟ್ಟು ಲೇವಿಯರಿಗೆ (ದೇವರ ಸೇವೆಗೆ ಮೀಸಲಾದ ಕುಲದವರಿಗೆ), ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಕೊಡಬೇಕೆಂದಿದೆ. ದೇವಾಲಯದ ಖರ್ಚಿಗೆ ಮಾತ್ರ ದಶಮಾಂಶ ಎಂಬ ಕಲ್ಪನೆ ಅಲ್ಲಿಲ್ಲ.

ಈಗ ದೊಡ್ಡವರ ಪಾಲು. ಹಿಂದೆ ಸಂಬಳ ನಗದಾಗಿ ಬರುತ್ತಿತ್ತು. ಅಪ್ಪ ಮೇಜಿನ ಮೇಲೆ ನೋಟು ಎಣಿಸಿ ಮೊದಲ ಪಾಲನ್ನು ಕವರಿಗೆ ಹಾಕುವುದನ್ನು ಮಕ್ಕಳು ನೋಡುತ್ತಿದ್ದರು, ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಈಗ ಯುಪಿಐಯಲ್ಲಿ ಎರಡು ಸಲ ಬೆರಳು ತಾಗಿಸಿದರೆ ಆಯಿತು, ಮಕ್ಕಳಿಗೆ ಏನೂ ಕಾಣುವುದಿಲ್ಲ. ಸಂಬಳ ಬಂದ ದಿನ ಹದಿಮೂರರವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಪುಸ್ತಕದಲ್ಲಿ ಮೂರೇ ಸಾಲು ಬರೆಯಿಸಿ: ಬಂದದ್ದು, ತೆಗೆದಿಟ್ಟದ್ದು, ಎಲ್ಲಿಗೆ ಹೋಯಿತು. ಸಂಬಳ ಎಷ್ಟೆಂದು ಮಗನಿಗೆ ಗೊತ್ತಾಗುತ್ತದಲ್ಲ ಅನ್ನುವಿರಾ? ಗೊತ್ತಾಗಲಿ.

ಒಟ್ಟು ಸಂಬಳವೋ ಕೈಗೆ ಬಂದದ್ದೋ ಎಂಬುದಕ್ಕೆ ಬೈಬಲಿನಲ್ಲಿ ನೇರ ಉತ್ತರ ಇಲ್ಲ, ಅಲ್ಲಿರುವುದು ಬೆಳೆ ಮತ್ತು ಹಿಂಡಿನ ಮಾತು. ಒಂದು ಪದ್ಧತಿ ಹಿಡಿದು ಅದಕ್ಕೇ ಅಂಟಿಕೊಳ್ಳಿ. ಸಂಬಳ 40,000, ಪಿಎಫ್ 1,800 ಕಡಿತ, ಕೈಗೆ 38,200 ಅಂದುಕೊಳ್ಳಿ. ಒಟ್ಟಿನ ಮೇಲೆ 4,000 ಕೊಡುತ್ತ ಬಂದರೆ, ಮುಂದೆ ಪಿಎಫ್ ಕೈಗೆ ಬಂದಾಗ ನಿಮ್ಮ ಕಡೆಯಿಂದ ಕಟ್ಟಿದ ಅಸಲಿನ ಮೇಲೆ ಮತ್ತೆ ತೆಗೆಯಬೇಕಿಲ್ಲ. ಕಂಪನಿಯ ಪಾಲು, ಬಡ್ಡಿ ಇವುಗಳ ಮೇಲೆ ಸಾಕು. 3,820 ಕೊಡುತ್ತ ಬಂದವರು ಪಿಎಫ್ ಬಂದ ದಿನ ಇಡೀ ಮೊತ್ತದ ಮೇಲೆ ತೆಗೆಯಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಅಂಗಡಿ ಇಟ್ಟವರಿಗೆ ಲೆಕ್ಕ ಲಾಭದ ಮೇಲೆ. 5 ಲಕ್ಷದ ವ್ಯಾಪಾರದಲ್ಲಿ 40,000 ಉಳಿದರೆ ದಶಮಾಂಶ 4,000. ವ್ಯಾಪಾರದ ಮೇಲೆ ಹಾಕಿದರೆ 50,000 ಆಗಿ ಅಂಗಡಿಯೇ ಮುಚ್ಚಬೇಕಾದೀತು. ಅಡಿಕೆ, ಕಾಫಿ ಬೆಳೆಯುವವರು ಗೊಬ್ಬರ, ಕೂಲಿ ಕಳೆದು ಉಳಿದದ್ದರ ಮೇಲೆ ವರ್ಷಕ್ಕೊಮ್ಮೆ ಲೆಕ್ಕ ಹಾಕುವುದು ಸರಿ ಅಂತ ನನ್ನ ಅಭಿಪ್ರಾಯ. ಇನ್ನೊಂದು ಮಾತು: ಮನೆಕೆಲಸದವರ ಸಂಬಳ ಬಾಕಿ ಇಟ್ಟು ದಶಮಾಂಶ ಕೊಟ್ಟರೆ ಮಕ್ಕಳು ಅದನ್ನೂ ಗಮನಿಸುತ್ತಾರೆ.

ಕಥೋಲಿಕರಾದರೆ ಹತ್ತರಲ್ಲೊಂದು ಎಂಬ ಕಡ್ಡಾಯವಿಲ್ಲ. ಧರ್ಮಸಭೆಯ ಕಾನೂನು (222ನೇ ವಿಧಿ) ಸಭೆಯ ಅಗತ್ಯಗಳಿಗೆ ನೆರವಾಗಬೇಕು ಎನ್ನುತ್ತದೆ, ಪ್ರಮಾಣ ಹೇಳುವುದಿಲ್ಲ. ತೆರಿಗೆ ವಿನಾಯಿತಿಯ ಆಸೆಯಿಂದ ಯಾರೂ ಲೆಕ್ಕ ಬದಲಿಸಬೇಡಿ: ದೇಣಿಗೆಗೆ ತೆರಿಗೆ ವಿನಾಯಿತಿಯ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೂ 2,000ಕ್ಕಿಂತ ಹೆಚ್ಚಿನ ನಗದಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಂತೂ ಆ ಮಾತೇ ಇಲ್ಲ.

ಮಕ್ಕಳಿಗೆ ದುಡ್ಡಿಗಿಂತ ವಸ್ತು ಬೇಗ ಅರ್ಥವಾಗುತ್ತದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಪಂಗಡದ ಕ್ರೈಸ್ತರ ಮನೆಗಳಲ್ಲಿ 1910ರಿಂದ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಸಭೆಗೆಂದು ಬೇರೆ ಇಡುವ ರೂಢಿಯಿದೆ, ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಹಿಡಿಗೆ 40 ಗ್ರಾಂ ಹಿಡಿದರೂ ದಿನಕ್ಕೆರಡು ಹೊತ್ತಿನಂತೆ ತಿಂಗಳಿಗೆ 2.4 ಕಿಲೋ. ನಿಮ್ಮ ಮನೆಯಲ್ಲೂ ಮಾಡಬಹುದು, ಎರಡು ಎಚ್ಚರಿಕೆ ಇರಲಿ: ಕುಚ್ಚಲಕ್ಕಿ ಮತ್ತು ಬೆಳ್ತಿಗೆ ಅಕ್ಕಿ ಬೆರೆಸಬೇಡಿ, ಎರಡೂ ಒಂದೇ ಹದಕ್ಕೆ ಬೇಯುವುದಿಲ್ಲ, ಪಡೆದವರು ಏನು ಮಾಡಬೇಕು? ತಿಂಗಳಿಗೊಮ್ಮೆ ಖಾಲಿ ಮಾಡಿ, ಮಳೆಗಾಲದಲ್ಲಂತೂ ಬಿಟ್ಟರೆ ನುಸಿ ಹಿಡಿಯುತ್ತದೆ.

ಸಭೆಯ ಬೆಳೆ ಹಬ್ಬಕ್ಕೆ (ಕೆಲವೆಡೆ ಸುಗ್ಗಿ ಹಬ್ಬ) ಒಯ್ಯುವ ಪಪ್ಪಾಯಿಯನ್ನು ಮಗುವೇ ಆರಿಸಲಿ. ಚೆನ್ನಾಗಿದ್ದದ್ದು ಮನೆಗೆ, ಗೀರು ಬಿದ್ದದ್ದು ದೇವರಿಗೆ ಅಂತ ನೀವು ಪಕ್ಕದಿಂದ ಸೂಚಿಸಿದರೆ ಅಷ್ಟು ವಾರಗಳ ನಾಣ್ಯದ ಪಾಠ ನೀರುಪಾಲು. ಆ ಕಾಣಿಕೆಗಳ ಏಲಂನಲ್ಲಿ ಒಂದೇ ತೆಂಗಿನಕಾಯಿ ಮೂರು ನಾಲ್ಕು ಸಲ ಮಾರಾಟವಾಗುವುದೂ ಉಂಟು, ಕೊಂಡವರು ಮತ್ತೆ ಏಲಂಗೇ ಬಿಡುತ್ತಾರೆ. ಅದು ಮಕ್ಕಳಿಗೆ ಖುಷಿ. ಆದರೆ ಯಾರು ಎಷ್ಟು ಕೂಗಿದರು ಎಂಬ ಚರ್ಚೆಯನ್ನು ಮನೆಗೆ ತರಬೇಡಿ.

ದಶಮಾಂಶ ತಂದವರಿಗೆ ಆಶೀರ್ವಾದ ಸುರಿಸುವೆನೆಂಬ ಮಲಾಕಿ 3:10 ವಚನ ತೋರಿಸಿ "ಕೊಟ್ಟರೆ ದೇವರು ದುಪ್ಪಟ್ಟು ಕೊಡುತ್ತಾನೆ" ಎಂದು ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಮಗು ಅದನ್ನು ವ್ಯಾಪಾರದ ಮಾತಾಗಿಯೇ ತೆಗೆದುಕೊಳ್ಳುತ್ತದೆ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ದಿನ ಲೆಕ್ಕ ಕೇಳುತ್ತದೆ.

ಹದಿಮೂರರವನು "ನಾನು ಹಾಕಲ್ಲ" ಅಂದರೆ ಕೈಖರ್ಚಿನಲ್ಲಿ ಹಿಡಿದುಕೊಳ್ಳಬೇಡಿ, ಅದು ದಂಡವಾಗುತ್ತದೆ. ಬಲವಂತದಿಂದ ಕೊಡಬಾರದು ಎಂದು 2 ಕೊರಿಂಥ 9:7ರಲ್ಲೇ ಇದೆ. ಆ ವಯಸ್ಸಿನವರ ತಕರಾರು ಹೆಚ್ಚಾಗಿ "ಆ ದುಡ್ಡು ಎಲ್ಲಿಗೆ ಹೋಗುತ್ತೆ?" ಅನ್ನುವುದೇ ಆಗಿರುತ್ತದೆ, ನ್ಯಾಯವಾದ ಪ್ರಶ್ನೆ. ಸಭೆಯ ವಾರ್ಷಿಕ ಲೆಕ್ಕಪತ್ರ ಅವನ ಕೈಗೆ ಕೊಡಿ, ಸಂಬಳ, ಕಟ್ಟಡ, ಬಡವರ ನಿಧಿ ಇವುಗಳ ಮುಂದಿರುವ ಅಂಕಿಗಳನ್ನು ಅವನೇ ಓದಲಿ. ಬಡವರ ನಿಧಿಯ ಮೊತ್ತ ತೀರಾ ಕಡಿಮೆ ಅನ್ನಿಸಿದರೆ, ಮಹಾಸಭೆಯಲ್ಲಿ ಎದ್ದು ಕೇಳಬೇಕಾದವರು ನೀವು.