ಪ್ಯಾಕೇಜಾ, ವರ್ಗಾವಣೆಯಾ? ಉತ್ತರಕ್ಕೆ ಮೂರು ವಾರ

ಸಲಹೆ ಕೇಳಿ ನನ್ನ ಬಳಿ ಬಂದ ಆ ಮಹಿಳೆಗೆ 45 ದಾಟಿತ್ತು. ಒಂದೇ ಕಂಪನಿಯಲ್ಲಿ 17 ವರ್ಷದ ಕೆಲಸ. ಕೈಯಲ್ಲಿ ಕಂಪನಿಯ ಪತ್ರ ಇತ್ತು. ವಿಭಾಗ ಪೂರ್ತಿ ಬೇರೆ ನಗರಕ್ಕೆ ಹೋಗುತ್ತಿದೆ. ಬರುವುದಾದರೆ ಅದೇ ಹುದ್ದೆ, ಅದೇ ಸಂಬಳ, ಮನೆ ಸಾಮಾನು ಸಾಗಿಸುವ ಖರ್ಚು ಕಂಪನಿಯದು. ಬಾರದಿದ್ದರೆ ಸೆವೆರೆನ್ಸ್ ಪ್ಯಾಕೇಜ್ (ಬಿಡುವವರಿಗೆ ಕಂಪನಿ ಕೊಡುವ ಪರಿಹಾರದ ಹಣ) ತಗೊಂಡು ಕೆಲಸ ಬಿಡಬಹುದು. ಉತ್ತರಕ್ಕೆ ಮೂರು ವಾರ ಗಡುವು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಗಂಡ-ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ಬರುವಾಗಲೇ ಒಂದು ಪಟ್ಟಿ ತಂದಿದ್ದರು. ಹೋದರೆ ಏನು ಲಾಭ, ಏನು ನಷ್ಟ, ಬಿಟ್ಟರೆ ಏನು. "ಎಷ್ಟು ಸಲ ಕೂಡಿಸಿದರೂ ಸಮ ಬರುತ್ತೆ ಮೇಡಂ" ಅಂದರು. ಬರದೆ ಇನ್ನೇನು? ಇಂಥ ಪಟ್ಟಿಯಲ್ಲಿ 'ಬಾಡಿಗೆ ಮನೆ ಹುಡುಕಬೇಕು' ಅನ್ನುವುದಕ್ಕೂ ಒಂದೇ ಸಾಲು, 'ಮಗನ ಶಾಲೆಯ ಕೊನೆಯ ಎರಡು ವರ್ಷ' ಅನ್ನುವುದಕ್ಕೂ ಒಂದೇ ಸಾಲು. ಪಟ್ಟಿ ಪಕ್ಕಕ್ಕಿಟ್ಟು ಸುಮ್ನೆ ಮಾತಾಡಿ ಅಂದೆ.

ಪ್ಯಾಕೇಜಿನ ಮಾತು ಬಂದಾಗಲೆಲ್ಲ ಅವರ ದನಿ ಏರುತ್ತಿತ್ತು. ದುಡ್ಡಿನ ಲೆಕ್ಕ ಬಾಯಿಗೇ ಬರುತ್ತಿರಲಿಲ್ಲ. "17 ವರ್ಷ ದುಡಿದವಳಿಗೆ ಒಂದು ಹಾಳೆ. ಎದುರಿಗೆ ಕೂರಿಸಿಕೊಂಡು ಹೇಳೋಕೂ ಆಗಲಿಲ್ವಾ? ಅವರ ದುಡ್ಡು ಎಣಿಸಿಕೊಂಡು ಎದ್ದು ಬರ್ತೀನಿ." ಸಿಟ್ಟಿಗೆ ಕಾರಣ ಇತ್ತು, ಅದನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಕಂಪನಿಗೆ ಬುದ್ಧಿ ಕಲಿಸಲು ಅಂತ ಕೆಲಸ ಬಿಟ್ಟರೆ ಕಂಪನಿಗೆ ಏನೂ ಆಗುವುದಿಲ್ಲ. ವಿಭಾಗ ಎತ್ತಿಕೊಂಡು ಹೋಗುವವರು ಒಂದಷ್ಟು ಜನ ಬಿಡುತ್ತಾರೆ ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಆ ಸಿಟ್ಟನ್ನು ಪೂರ್ತಿ ಒಂದು ಕಾಗದದಲ್ಲಿ ಬರೆದು ಮನೆಯಲ್ಲೇ ಇಟ್ಟುಕೊಳ್ಳಿ ಅಂದೆ. ಎಚ್‌ಆರ್‌ಗೆ ಹೋಗಬೇಕಾದ್ದು ಬೇರೆ ಪತ್ರ. ಅದರಲ್ಲಿ ಬರೀ ಪ್ರಶ್ನೆಗಳು.

ಆ ಪ್ರಶ್ನೆಗಳನ್ನು ಇಬ್ಬರೂ ಕೂತು ಬರೆದೆವು. ಹೊಸ ಜಾಗಕ್ಕೆ ಹೋದ ಮೇಲೆ ವರ್ಷದೊಳಗೆ ಆ ಹುದ್ದೆಯೇ ಇಲ್ಲವಾದರೆ ಈಗಿನ ಪ್ಯಾಕೇಜ್ ಸಿಗುತ್ತದಾ? ಹಳೆಯ 17 ವರ್ಷ ಸೇವೆಯಲ್ಲಿ ಸೇರುತ್ತದಾ? ಅಲ್ಲಿ ಹೊಂದಿಕೆಯಾಗದೆ ನಾನೇ ಬಿಟ್ಟರೆ ಸಾಗಾಟದ ಖರ್ಚು ವಾಪಸ್ ಕೊಡಬೇಕಾ, ಎಷ್ಟು ಕಾಲದವರೆಗೆ? ಪ್ಯಾಕೇಜ್ ತಗೊಂಡರೆ ದಾಖಲೆಯಲ್ಲಿ ರಾಜೀನಾಮೆ ಅಂತ ಬರೆಯುತ್ತೀರಾ, ಹುದ್ದೆ ರದ್ದಾಯಿತು ಅಂತ ಬರೆಯುತ್ತೀರಾ? ಈ ಒಂದನ್ನು ತುಂಬ ಜನ ಕೇಳುವುದೇ ಇಲ್ಲ. ಆಮೇಲೆ ಸಿಗುವ ಸೌಲಭ್ಯ, ತೆರಿಗೆ ಎಲ್ಲ ಅದರ ಮೇಲೇ ನಿಂತಿರಬಹುದು. ವಿಮೆ ಯಾವ ತಾರೀಖಿನವರೆಗೆ, ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಅನ್ನುವ ಷರತ್ತು ಇದೆಯಾ ಅನ್ನುವುದೂ ಸೇರಿತು. ಉತ್ತರ ಲಿಖಿತವಾಗಿ ಬೇಕು. ಮುಂದೆ ದಾವೆ ಹೂಡುವುದಿಲ್ಲ ಅನ್ನುವ ಸಾಲು ಇಂಥ ಒಪ್ಪಂದಗಳಲ್ಲಿ ಸಾಮಾನ್ಯ. ಸಹಿಗೆ ಮೊದಲು ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ತೋರಿಸಿ ಅಂದೆ. ಅದು ನನ್ನ ಕೆಲಸ ಅಲ್ಲ.

ದುಡ್ಡಿನ ಬಗ್ಗೆ ಹೇಳಿದ್ದು ಇಷ್ಟೇ. ಪತ್ರದಲ್ಲಿ '10 ತಿಂಗಳ ಸಂಬಳ' ಅಂತಿದ್ದರೆ ಅದು 10 ತಿಂಗಳ ಜೀವನ ಅಂತಲ್ಲ. ತೆರಿಗೆ ಕಳೆಯಿರಿ. ಉಳಿದದ್ದನ್ನು ಗಂಡನ ಸಂಬಳದಲ್ಲಿ ತೂಗದ ಮನೆ ಖರ್ಚಿನಿಂದ ಭಾಗಿಸಿ. ಅವರಿಗೆ 14 ತಿಂಗಳು ಬಂತು. ಜೊತೆಗೆ, ಕೆಲಸದಲ್ಲಿ ಇರುವಾಗಲೇ ತಮ್ಮ ಕ್ಷೇತ್ರದ ಪರಿಚಯಸ್ಥರಿಗೆ ಫೋನ್ ಮಾಡಿ, ಈ ವಯಸ್ಸಿನಲ್ಲಿ, ಈ ಮಟ್ಟದಲ್ಲಿ ಯಾರು ತಗೊಳ್ಳುತ್ತಿದ್ದಾರೆ ಅಂತ ಕೇಳಬೇಕು. ಪಟ್ಟಿ ಬರೆಯುವುದಕ್ಕಿಂತ ಇದು ಕಷ್ಟ. ಸಂಕೋಚ ಆಗುತ್ತದೆ, ಅಲ್ವಾ? ಅದಕ್ಕೇ ಎಲ್ಲರೂ ಇದನ್ನು ಕೊನೆಗೆ ಬಿಡುತ್ತಾರೆ.

ಇನ್ನು ಮನೆಯ ವಿಷಯ. ನಿಜವಾದ ಗಂಟು ಇಲ್ಲಿತ್ತು. "ನಿಮ್ಮ ಮನೆಯವರು ಏನಂತಾರೆ?" ಅಂದೆ. "ನಿನ್ನ ಕೆಲಸ, ನೀನೇ ನಿರ್ಧಾರ ಮಾಡು, ನಾನು ಜೊತೆಗಿರ್ತೀನಿ ಅಂತಾರೆ. ಒಳ್ಳೆಯವರು." ಒಳ್ಳೆಯವರೇ ಇರಬಹುದು. ಆದರೆ ಊರು ಬಿಟ್ಟರೆ ಅವರ ಕೆಲಸವೂ ಹೋಗುತ್ತದೆ. ಹೀಗಿರುವಾಗ ಅಭಿಪ್ರಾಯವೇ ಹೇಳದೆ ಜೊತೆಗಿರುವುದು ಅಂದರೆ ಪೂರ್ತಿ ಭಾರವನ್ನು ಹೆಂಡತಿಯ ತಲೆಗೆ ಕಟ್ಟಿದ ಹಾಗೆ. ಮುಂದಿನ ಸಲ ಇಬ್ಬರೂ ಬನ್ನಿ ಅಂದೆ.

ಬಂದರು. ಮೇಲ್ನೋಟಕ್ಕೆ ಊರು ಬದಲಿಸುವುದೇ ಸುಲಭದ ದಾರಿ ಅಂತ ಗಂಡ ಅಂದರು: ಕೆಲಸ ಹೋಗುವುದು ದೊಡ್ಡ ಏಟು, ಮನೆ ಬದಲಿಸುವುದು ಕೆಲವು ವಾರದ ರಗಳೆ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಅನ್ನುವ ಮನೋವೈದ್ಯರು ಬದುಕಿನ ಬದಲಾವಣೆಗಳು ತರುವ ಒತ್ತಡಕ್ಕೆ ಅಂಕ ಕೊಟ್ಟು ಒಂದು ಮಾಪಕ ಮಾಡಿದ್ದರು. ಅದನ್ನು ಅವರ ಮುಂದಿಟ್ಟೆ. ಅದರಲ್ಲಿ ಕೆಲಸ ಕಳೆದುಕೊಳ್ಳುವುದಕ್ಕೆ 47, ಮನೆ ಬದಲಿಸುವುದಕ್ಕೆ 20. ಅಷ್ಟು ನೋಡಿದರೆ ಗಂಡ ಹೇಳಿದ್ದು ಸರಿ. ಆದರೆ ಮನೆ ಬದಲಾವಣೆ ಒಂಟಿಯಾಗಿ ಬರುವುದಿಲ್ಲ. ಸಂಗಾತಿಯ ಕೆಲಸ ನಿಂತರೆ 26, ಶಾಲೆ ಬದಲಾದರೆ 20, ಬದುಕುವ ಪರಿಸ್ಥಿತಿ ಬದಲಾದರೆ 25. ಕೂಡಿಸಿದರೆ 91. ಕೆಲಸ ಹೋದರೂ ಹಣಕಾಸಿನ ಏರುಪೇರಿಗೆ 38 ಸೇರಿ 85 ಆಗುತ್ತದೆ ಅನ್ನಿ. ಈ ಅಂಕ ನೋಡಿ ಯಾರೂ ನಿರ್ಧಾರ ಮಾಡಬಾರದು. ಎರಡೂ ಕಡೆ ತೂಕ ಇದೆ, ಒಂದು ಕಡೆಯದು ಮೂವರ ಮೇಲೆ ಹಂಚಿ ಬೀಳುತ್ತದೆ ಅಂತ ತೋರಿಸಲು ಅಷ್ಟೇ ಬಳಸಿದೆ.

ಆಮೇಲೆ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಕಂಪನಿಗಳ ಯೋಜನೆಗಳಿಗೆಂದು ಹೇಳಿಕೊಟ್ಟ ವಿಧಾನ ಇದು. ಯೋಜನೆ ಈಗಾಗಲೇ ಸೋತಿದೆ ಅಂತ ಅಂದುಕೊಂಡು, ಯಾಕೆ ಸೋತಿತು ಅಂತ ಬರೆಯಬೇಕು. ಸಂಸಾರಕ್ಕೂ ಚೆನ್ನಾಗಿ ಒಗ್ಗುತ್ತದೆ. 'ಎರಡು ವರ್ಷ ಆಗಿದೆ, ನಾವು ಮಾಡಿದ್ದು ತಪ್ಪಾಗಿದೆ. ಏನಾಯಿತು?' ಎರಡು ದಾರಿಗೂ ಬರೆಯಬೇಕು, ಒಬ್ಬರದು ಒಬ್ಬರು ನೋಡುವ ಹಾಗಿಲ್ಲ.

ಊರು ಬದಲಿಸುವ ಹಾಳೆಯಲ್ಲಿ ಗಂಡ ಬರೆದದ್ದು: "ನನಗೆ ಅಲ್ಲಿ ಕೆಲಸ ಸಿಗಲಿಲ್ಲ. ಮನೆಯಲ್ಲಿ ಕೂತು ಅವಳ ಮೇಲೆ ಸಿಡುಕುತ್ತಿದ್ದೇನೆ. ಕಾರಣ ಮಾತ್ರ ಹೇಳುತ್ತಿಲ್ಲ." ಪ್ಯಾಕೇಜಿನ ಹಾಳೆಯಲ್ಲಿ ಹೆಂಡತಿ ಬರೆದದ್ದು: "ನಿಮಗೋಸ್ಕರ ಬಿಟ್ಟೆ ಅಂತ ದಿನಾ ಚುಚ್ಚುತ್ತಿದ್ದೇನೆ." ಓದಿ ಮುಗಿಸಿದ ಮೇಲೆ ಗಂಡ ಮೊದಲ ಸಲ ಮನಸ್ಸು ಬಿಚ್ಚಿದರು. "ನನಗೆ ಹೋಗೋಕೆ ಇಷ್ಟ ಇಲ್ಲ. ಹೇಳಿದ್ರೆ ನಾಳೆ ನನ್ನಿಂದಲೇ ಕೆಲಸ ಹೋಯ್ತು ಅಂತ ಆಗುತ್ತೆ ಅಂತ ಸುಮ್ಮನಿದ್ದೆ." ಹೆಂಡತಿ ಸಿಟ್ಟಾಗಲಿಲ್ಲ. "ಇದನ್ನ ಮೊದಲ ದಿನವೇ ಹೇಳಿದ್ರೆ ನಾನು ನಿದ್ದೆ ಮಾಡ್ತಿದ್ದೆ" ಅಂದರು. ಮಗನನ್ನು ಯಾರೂ ಕೇಳಿರಲಿಲ್ಲ. ಅವನು ಪತ್ರ ಆಗಲೇ ಓದಿದ್ದ ಅಂತ ಆಮೇಲೆ ಗೊತ್ತಾಯಿತು. ಶಾಲೆಯ ಕೊನೆಯ ವರ್ಷಗಳ ಮಕ್ಕಳ ಕೈಗೆ ನಿರ್ಧಾರ ಕೊಡಬೇಡಿ, ಆದರೆ ವಿಷಯ ಹೇಳಿ.

ಎಚ್‌ಆರ್‌ನ ಉತ್ತರ ಬಂದಾಗ ಹೆಚ್ಚಿನದು ಅಲ್ಲೇ ತೀರ್ಮಾನವಾಯಿತು. ಹೋದರೆ ಸೇವೆ ಮುಂದುವರಿಯುತ್ತದೆ, ಸರಿ. ಆದರೆ ಈ ಪ್ಯಾಕೇಜ್ ಈಗ ಬಿಡುವವರಿಗೆ ಮಾತ್ರ. ಆಮೇಲೆ ಹುದ್ದೆ ಹೋದರೆ ಮಾಮೂಲಿ ಪರಿಹಾರ, ಅದು ತುಂಬ ಕಡಿಮೆ. ಎರಡು ವರ್ಷದೊಳಗೆ ತಾವಾಗಿ ಬಿಟ್ಟರೆ ಸಾಗಾಟದ ಖರ್ಚು ವಾಪಸ್. ಅವರೊಬ್ಬರೇ ಒಂದು ವರ್ಷ ಹೋಗಿ ನೋಡುವ ದಾರಿಯನ್ನೂ ಮಾತಾಡಿದೆವು. ಎರಡು ಮನೆಯ ಖರ್ಚು ನೋಡಿ ಅವರೇ ಬೇಡ ಅಂದರು. ಪ್ಯಾಕೇಜ್ ಆಯ್ದುಕೊಂಡರು. ಮೊತ್ತ ಜಾಸ್ತಿ ಮಾಡಿ ಅಂತ ಕೇಳಿದ್ದಕ್ಕೆ ಕಂಪನಿ ಒಪ್ಪಲಿಲ್ಲ. ಕೊನೆಯ ದಿನವನ್ನು ಎರಡು ತಿಂಗಳು ಮುಂದೆ ಹಾಕಲು ಒಪ್ಪಿತು. ಕೇಳದಿದ್ದರೆ ಅದೂ ಸಿಗುತ್ತಿರಲಿಲ್ಲ.

ಒಂದು ಕರಾರು ಮಾತ್ರ ಆಗಲೇ ಬರೆಸಿಟ್ಟೆ. ಉಳಿದ ಹಣ ಆರು ತಿಂಗಳ ಖರ್ಚಿಗೆ ಇಳಿದ ದಿನ, ಬೇರೆ ಊರಿನ ಕೆಲಸಗಳಿಗೂ ಅರ್ಜಿ ಹಾಕುವುದು. ಅವತ್ತು 'ಆಗಲೇ ಹೋಗಿದ್ದರೆ' ಅನ್ನುವ ಮಾತು ಇಬ್ಬರೂ ಎತ್ತುವ ಹಾಗಿಲ್ಲ. ಗಂಡನೂ ಸಹಿ ಹಾಕಿದರು.

ಕೆಲಸ ಬಿಟ್ಟು ಕೆಲವು ತಿಂಗಳಾದ ಮೇಲೆ ಅವರು ಮತ್ತೆ ಬಂದರು. ದುಡ್ಡಿನ ಚಿಂತೆ ಅಲ್ಲ. ಬೆಳಗ್ಗೆ ಒಂಬತ್ತರ ನಂತರ ಏನು ಮಾಡಬೇಕು ಅಂತ ತೋಚುತ್ತಿರಲಿಲ್ಲ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂತಾಲ್ ಅನ್ನುವ ಹಳ್ಳಿಯಲ್ಲಿ ಗಿರಣಿ ಮುಚ್ಚಿದ ಮೇಲೆ ಸಂಶೋಧಕಿ ಮೇರಿ ಯಹೋದಾ ಮತ್ತು ಸಂಗಡಿಗರು ಇದನ್ನೇ ಕಂಡಿದ್ದರು. ಜನಕ್ಕೆ ಸಮಯ ಬೇಕಾದಷ್ಟಿತ್ತು, ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಕೆಲಸ ಅಂದರೆ ಸಂಬಳ ಮಾತ್ರ ಅಲ್ಲ, ದಿನಕ್ಕೊಂದು ಕಟ್ಟು, ನಾಲ್ಕು ಜನರ ಒಡನಾಟ. ಹಾಗಾಗಿ ಬೆಳಗ್ಗೆ ಹೊರಗೆ ಹೋಗಲೇಬೇಕಾದ ಒಂದು ನಿಗದಿತ ಜವಾಬ್ದಾರಿ ಒಪ್ಪಿಕೊಳ್ಳಿ, ಸಂಬಳ ಇಲ್ಲದಿದ್ದರೂ ಪರವಾಗಿಲ್ಲ, ಕೆಲಸ ಹುಡುಕುವುದು ಮಧ್ಯಾಹ್ನಕ್ಕೆ ಇರಲಿ ಅಂದೆ. ಹಾಗೇ ಮಾಡಿದರು.

ಊರಿನಲ್ಲೇ ಸಿಕ್ಕ ಒಂದು ಕೆಲಸಕ್ಕೆ ಸಂಬಳ ತೀರಾ ಕಡಿಮೆ ಅಂತ ಬೇಡ ಅಂದರು. ಕರಾರಿನ ಆ ದಿನವೂ ಬಂತು. ಈಗ ಬೇರೆ ಎರಡು ನಗರಗಳಲ್ಲಿ ಅರ್ಜಿ ಹಾಕಿದ್ದಾರೆ. ಈ ಸಲ ಅದೇ ನಗರಗಳಲ್ಲಿ ತನಗೂ ಏನಾದರೂ ಸಿಗುತ್ತದಾ ಅಂತ ಗಂಡನೂ ಹುಡುಕುತ್ತಿದ್ದಾರೆ. ಮಗನ ಶಾಲೆ ಮುಗಿಯಲು ಇನ್ನೂ ಒಂದು ವರ್ಷ ಇದೆ.